ಮಿಲ್ಲಕ್ಕನ ಕಿವಿ

ಆ ಮೆಥೊಡಿಸ್ಟ್ ಸಭೆಯಲ್ಲಿ ಯಾರಿಗಾದರೂ ಮನಸ್ಸು ಭಾರವಾದರೆ ಅವರು ಮೊದಲು ಹುಡುಕುತ್ತಿದ್ದದ್ದು ಪಾಸ್ಟರನ್ನಲ್ಲ, ಮಿಲ್ಲಕ್ಕನನ್ನು. ಭಾನುವಾರದ ಆರಾಧನೆ ಮುಗಿದು ಜನ ಮೆಟ್ಟಿಲಿಳಿಯುವ ಹೊತ್ತಿಗೆ ಚರ್ಚಿನ ಪಕ್ಕದ ಗೋಡೆಯ ಹತ್ತಿರ ಯಾರಾದರೊಬ್ಬರು ಅವಳನ್ನು ನಿಲ್ಲಿಸಿಕೊಂಡೇ ಇರುತ್ತಿದ್ದರು. ಸೊಸೆಯ ಮೇಲೆ ಮುನಿಸಿಕೊಂಡ ಅತ್ತೆ, ಅದೇ ಅತ್ತೆಯ ಮೇಲೆ ಮುನಿಸಿಕೊಂಡ ಸೊಸೆ, ಇಬ್ಬರೂ ಒಂದೇ ದಿನ ಒಬ್ಬರ ಹಿಂದೆ ಒಬ್ಬರು ಬಂದು ಹೇಳಿಕೊಂಡು, ಹಗುರಾಗಿ, ಒಂದೇ ಆಟೋ ಹತ್ತಿ ಮನೆಗೆ ಹೋದದ್ದೂ ಉಂಟು. ಮಿಲ್ಲಕ್ಕ ಬುದ್ಧಿ ಹೇಳುವವಳಲ್ಲ. ಎದುರಿಗೆ ನಿಂತು, ಹೇಳುವವರ ಮುಖದಿಂದ ಕಣ್ಣು ಕೀಳದೆ, ಅವರ ಒಂದು ಮಾತೂ ಕೆಳಗೆ ಬೀಳಬಾರದು ಎಂಬಂತೆ ನೋಡುತ್ತಿದ್ದಳು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಹಿಂದೆ ಯಾರು ಕರೆದರೂ ತಿರುಗುತ್ತಿರಲಿಲ್ಲ. ಕೊನೆಗೆ ಕೈ ಹಿಡಿದು, "ಪ್ರಾರ್ಥನೆ ಮಾಡ್ತೀನಿ" ಅನ್ನುತ್ತಿದ್ದಳು. ಅಷ್ಟೇ.

"ಮಿಲ್ಲಕ್ಕನ ಹಾಗೆ ಕೇಳಿಸಿಕೊಳ್ಳೋರು ಇನ್ನೊಬ್ಬರಿಲ್ಲ" ಎಂದು ಸ್ತ್ರೀ ಸಮಾಜದ ಹೆಂಗಸರೆಲ್ಲ ಹೇಳುತ್ತಿದ್ದರು.

ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಅವಳ ಗಂಡನೊಬ್ಬನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕಿವಿ ಹೋದದ್ದು ಬಟ್ಟೆ ಮಿಲ್ಲಿನಲ್ಲಿ. ಇನ್ನೂ ಹುಡುಗಿಯಾಗಿದ್ದಾಗಲೇ ಅವಳು ನೇಯ್ಗೆಯ ಶೆಡ್ಡಿಗೆ ಸೇರಿದ್ದಳು. ತಗಡಿನ ಸೂರು, ಸಾಲುಸಾಲು ಮಗ್ಗ, ಅತ್ತಿಂದಿತ್ತ ಹಾರಿ ಬಡಿಯುವ ಲಾಳಿ. ಒಳಗೆ ಕಾಲಿಟ್ಟರೆ ಸದ್ದು ಕಿವಿಗೆ ಬೀಳುತ್ತಿರಲಿಲ್ಲ, ಎದೆಗೇ ಬೀಳುತ್ತಿತ್ತು. ಅಲ್ಲಿ ಕೂಗಿ ಪ್ರಯೋಜನವಿರಲಿಲ್ಲ. ಆದ್ದರಿಂದ ಶೆಡ್ಡಿನ ಹೆಂಗಸರೆಲ್ಲ ದನಿಯಿಲ್ಲದೆ ಬರೀ ತುಟಿಯಲ್ಲೇ ಮಾತಾಡುತ್ತಿದ್ದರು. ಈ ಕೊನೆಯ ಮಗ್ಗದವಳು ಆ ಕೊನೆಯ ಮಗ್ಗದವಳಿಗೆ ತನ್ನ ಮನೆಯ ಜಗಳವನ್ನೆಲ್ಲ ಹಾಗೆಯೇ ಹೇಳಿ ಮುಗಿಸುತ್ತಿದ್ದಳು. ಮೇಸ್ತ್ರಿ ನಡುವೆ ನಿಂತಿದ್ದರೂ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಮಾತು ಅವನ ಬಗ್ಗೆಯೇ ಇರುತ್ತಿತ್ತು.

ಪಾಳಿ ಮುಗಿಸಿ ಹೊರಗೆ ಬಂದರೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದೊಂದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆ ಗುಂಯ್ ಸದ್ದನ್ನೂ ಸೀಳಿಕೊಂಡು ಒಳಗೆ ಬಂದದ್ದು ಮಿಲ್ಲಿನ ಬಸ್ಸಿನ ಕಂಡಕ್ಟರನ ದನಿ. "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಅವನು ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಬಸ್ಸಿನ ಜನರಿರಲಿ, ರಸ್ತೆಯ ಜನವೂ ಮುಂದೆ ಹೋಗುತ್ತಿದ್ದರು. "ಪ್ರಪಂಚದಲ್ಲಿ ನನಗೆ ಸರಿಯಾಗಿ ಕೇಳಿಸೋ ಗಂಡಸು ಇವರೊಬ್ಬರೇ, ಅದಕ್ಕೇ ಕಟ್ಟಿಕೊಂಡೆ" ಎಂದು ಅವಳು ಮದುವೆಯಾದ ಹೊಸತರಲ್ಲಿ ತಮಾಷೆ ಮಾಡುತ್ತಿದ್ದಳು. ಅದೇ ನಿಜವಾಗುತ್ತ ಬಂದ ಮೇಲೆ ಆ ತಮಾಷೆಯನ್ನು ಬಿಟ್ಟುಬಿಟ್ಟಳು.

ಮಕ್ಕಳಾಗಲಿಲ್ಲ. ವರ್ಷ ಕಳೆದಂತೆ ಹಕ್ಕಿಯ ದನಿ ಹೋಯಿತು, ಬಾಗಿಲು ತಟ್ಟುವ ಸದ್ದು ಹೋಯಿತು, ಪಕ್ಕದ ಮನೆಯವರ ಮಾತು ಹೋಯಿತು. ಮಿಲ್ಲು ಬಿಟ್ಟು ಮನೆಯಲ್ಲಿ ಕೂರುವ ವಯಸ್ಸಿಗೆ ಜೋರಾದ ಸದ್ದುಗಳಷ್ಟೇ ಉಳಿದಿದ್ದವು. ಆಗ ಅವಳು ಗಂಡನ ಕೈ ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿಸಿಕೊಂಡಳು, ಯಾರಿಗೂ ಹೇಳಕೂಡದು ಎಂದು. ಅದಕ್ಕೊಂದು ಕಾರಣವಿತ್ತು. ಅವಳ ತಾಯಿಗೂ ಕಿವಿ ಕೇಳಿಸುತ್ತಿರಲಿಲ್ಲ. ಆ ತಾಯಿಗೆ ಹೆಸರೊಂದಿದ್ದರೂ ಓಣಿಯವರೆಲ್ಲ ಕರೆದದ್ದು ಕಿವುಡಿ ಎಂದೇ. ಎದುರಿಗೇ ಬೈದು, ನಕ್ಕು, ಅವಳೂ ಏನೋ ಒಳ್ಳೆಯ ಮಾತಿರಬೇಕೆಂದು ನಗುವುದನ್ನು ನೋಡಿ ಮತ್ತಷ್ಟು ನಗುತ್ತಿದ್ದರು. ತಾಯಿಯ ಆ ನಗು ಮಿಲ್ಲಕ್ಕನಿಗೆ ಮರೆತಿರಲಿಲ್ಲ.

ಹೀಗಾಗಿ ಅವಳು ತುಟಿ ಓದಿಕೊಂಡೇ ಬದುಕನ್ನು ಸಾಗಿಸಿದಳು. ಚರ್ಚಿನಲ್ಲಿ ಅವಳಿಗೆ ಎರಡು ಆಸರೆಗಳಿದ್ದವು. ಒಂದು, ಹಳೆಯ ಪಾಸ್ಟರು. ದಿನಾ ಗಡ್ಡ ಹೆರೆದುಕೊಳ್ಳುವ, ಅಕ್ಷರ ಅಕ್ಷರವನ್ನೂ ಬಿಡಿಸಿ ಹೇಳುವ, ಉಪದೇಶ ಹೇಳುವ ಪ್ರಸಂಗಪೀಠ ಬಿಟ್ಟು ಒಂದು ಹೆಜ್ಜೆಯೂ ಕದಲದ ಮನುಷ್ಯ. ಮುಂದಿನಿಂದ ಎರಡನೆಯ ಬೆಂಚಿನಲ್ಲಿ ಕೂತರೆ ಅವರ ಪ್ರಸಂಗವೆಲ್ಲ ಕನ್ನಡಿಯಂತೆ ಕಾಣುತ್ತಿತ್ತು. ಇನ್ನೊಂದು, ಗಂಡನ ಹಾಡು. ಮೆಥೊಡಿಸ್ಟರಿಗೆ ಹಾಡಿಲ್ಲದೆ ಆರಾಧನೆಯಿಲ್ಲ. ಕೂರುವಾಗ ಹಾಡು, ಏಳುವಾಗ ಹಾಡು, ಕಾಣಿಕೆಗೆ ಹಾಡು. ಕಂಡಕ್ಟರಣ್ಣ ಅವಳ ಪಕ್ಕದಲ್ಲಿ ನಿಂತು, ಬಸ್ಸಿನಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಹಾಡುತ್ತಿದ್ದ. ಆ ದನಿ ಹಿಡಿದುಕೊಂಡು ಅವಳೂ ಹಾಡುತ್ತಿದ್ದಳು. ಅದು ನಿಂತಾಗ ನಿಲ್ಲುತ್ತಿದ್ದಳು. ಮುಂದಿನವರು ಆಗಾಗ ತಿರುಗಿ ನೋಡಿ ನಗುವುದು ಅವಳಿಗೆ ಕಾಣುತ್ತಿತ್ತು. ಎಷ್ಟು ಚೆನ್ನಾಗಿ ಹಾಡುತ್ತಾರೆ ಎಂದು ಮೆಚ್ಚಿ ನಗುತ್ತಾರೆ ಅಂದುಕೊಂಡು ಅವಳಿಗೆ ಒಳಗೊಳಗೇ ಹೆಮ್ಮೆ.

ಮೆಥೊಡಿಸ್ಟ್ ಪಾಸ್ಟರುಗಳು ಒಂದೇ ಕಡೆ ಬೇರು ಬಿಡುವಂತಿಲ್ಲ. ವಾರ್ಷಿಕ ಸಮ್ಮೇಳನ ಮುಗಿಯಿತೆಂದರೆ ಯಾರ ಪೆಟ್ಟಿಗೆ ಯಾವ ಊರಿಗೋ. ಆ ವರ್ಷ ಹಳೆಯ ಪಾಸ್ಟರು ಹೊರಟರು, ಹೊಸಬರು ಬಂದರು. ವಯಸ್ಸು ಚಿಕ್ಕದು, ಒಳ್ಳೆಯ ಮನುಷ್ಯ, ಬಂದ ವಾರವೇ ಎಲ್ಲರ ಮನೆಗೂ ಹೋಗಿ ಪ್ರಾರ್ಥನೆ ಮಾಡಿದರು. ಆದರೆ ಅವರಿಗೆ ಗಡ್ಡವಿತ್ತು. ಅಂತಿಂಥ ಗಡ್ಡವಲ್ಲ. ಮೀಸೆ ಮೇಲ್ದುಟಿಯನ್ನು ನುಂಗಿತ್ತು, ಗಡ್ಡ ಕೆಳದುಟಿಯನ್ನು ನುಂಗಿತ್ತು. ಮಾತಾಡಿದರೆ ಕೂದಲು ಅಲ್ಲಾಡುತ್ತಿತ್ತೇ ಹೊರತು ತುಟಿ ಕಾಣುತ್ತಿರಲಿಲ್ಲ. ಸಾಲದ್ದಕ್ಕೆ ಪ್ರಸಂಗದ ಹುರುಪಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದರು.

ಮೊದಲ ಭಾನುವಾರ ಮನೆಗೆ ನಡೆಯುತ್ತ ಅವಳು ಗಂಡನನ್ನು ಕೇಳಿದಳು, "ಏನು ಹೇಳಿದ್ರು ರೀ ಪ್ರಸಂಗದಲ್ಲಿ?"

ಅವನು ನಿಂತು, ಮುಖ ಅವಳ ಕಡೆ ತಿರುಗಿಸಿ, "ಮೀನಿನ ವಿಷಯ" ಅಂದ.

"ಯಾವ ಮೀನು?"

"ದೊಡ್ಡದು. ಬೈಬಲ್ಲಿನಲ್ಲಿ ಒಬ್ಬರನ್ನ ನುಂಗಿತ್ತಲ್ಲ."

"ಅದು ನನಗೂ ಗೊತ್ತು. ಅದರಿಂದ ನಾವೇನು ಕಲೀಬೇಕು ಅಂದ್ರು?"

ಕಂಡಕ್ಟರಣ್ಣ ಸ್ವಲ್ಪ ಯೋಚಿಸಿದ. "ಅಷ್ಟು ಹೊತ್ತಿಗೆ ನನಗೆ ಕಣ್ಣೆಳೀತಿತ್ತು ಕಣೇ."

ಅವಳಿಗೆ ಸಿಟ್ಟು ಬಂತು, ನಗುವೂ ಬಂತು. ಅಂದಿನಿಂದ ಪ್ರಸಂಗ ಅವಳ ಪಾಲಿಗೆ ಇಲ್ಲವಾಯಿತು. ಉಳಿದವರು ತಲೆದೂಗಿದಾಗ ತಾನೂ ದೂಗುತ್ತಿದ್ದಳು, ನಕ್ಕಾಗ ನಗುತ್ತಿದ್ದಳು. ಹಾಗೆ ನಗುವಾಗ ತಾಯಿಯ ಮುಖ ನೆನಪಾಗುತ್ತಿತ್ತು. ಆದರೂ ಹಾಡುಗಳಿದ್ದವು, ಅಷ್ಟು ಸಾಕೆಂದು ಸಮಾಧಾನ ಮಾಡಿಕೊಂಡಳು.

ಚರ್ಚಿನ ವಾರ್ಷಿಕೋತ್ಸವ ಹತ್ತಿರ ಬರುತ್ತಿತ್ತು. ದೊಡ್ಡ ಪಾಸ್ಟರೊಬ್ಬರು ಬರುವವರಿದ್ದರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಟೀಚರೊಬ್ಬರು ಹುಡುಗ ಹುಡುಗಿಯರನ್ನು ಸೇರಿಸಿ ಕಾಯಿರ್ ಕಟ್ಟಿದ್ದರು. ನಾಲ್ಕು ದನಿಗಳನ್ನು ಹೆಣೆದು ಹಾಡಿಸುವ ಆಸೆ ಅವರದು. ಒಂದು ಸಂಜೆ ಪ್ರಾರ್ಥನಾ ಕೂಟ ಮುಗಿದ ಮೇಲೆ ಟೀಚರ್ ಅಂಗಳದಲ್ಲಿ ಕಂಡಕ್ಟರಣ್ಣನನ್ನು ನಿಲ್ಲಿಸಿ ಏನೋ ಹೇಳುತ್ತಿದ್ದುದನ್ನು ಮಿಲ್ಲಕ್ಕ ದೂರದಿಂದ ನೋಡಿದಳು. ಟೀಚರ್ ಬೆನ್ನು ಇವಳ ಕಡೆಗಿತ್ತು. ಗಂಡನ ತುಟಿ ಮಾತ್ರ ಕಂಡಿತು. "ಆಯ್ತು ಟೀಚರ್. ನೀವು ಹೇಳಿದ ಮೇಲೆ ಮುಗೀತು." ಯಾವುದೋ ಬೆಂಚು ಎತ್ತಿಡುವ ಕೆಲಸವಿರಬೇಕು ಅಂದುಕೊಂಡಳು.

ಮುಂದಿನ ಭಾನುವಾರ ಮೊದಲ ಗೀತೆಗೆ ಎಲ್ಲರೂ ಎದ್ದರು. ಅವಳೂ ಎದ್ದು ಗೀತೆಪುಸ್ತಕ ತೆರೆದು, ಗಂಡನ ದನಿಗಾಗಿ ಕಾದಳು. ದನಿ ಬರಲಿಲ್ಲ. ಪಕ್ಕಕ್ಕೆ ತಿರುಗಿದಳು. ಅವನ ತುಟಿ ಆಡುತ್ತಿತ್ತು. ಗೀತೆಯ ಪದಗಳು ಒಂದೊಂದಾಗಿ ಆ ತುಟಿಯ ಮೇಲೆ ಕಾಣುತ್ತಿದ್ದವು. ಕಿವಿಗೆ ಮಾತ್ರ ಏನೇನೂ ಬೀಳುತ್ತಿರಲಿಲ್ಲ.

ಉಳಿದದ್ದೂ ಹೋಯಿತು ಅಂದುಕೊಂಡಳು. ಇವರ ದನಿಯೇ ಕೇಳಿಸದ ಮೇಲೆ ಇನ್ನೇನು ಉಳಿಯಿತು? ಕೈಯಲ್ಲಿದ್ದ ಪುಸ್ತಕದ ಅಕ್ಷರ ಕಲಸಿಹೋಯಿತು. ಬೆಂಚಿನ ಬೆನ್ನು ಹಿಡಿದು ನಿಂತಳು. ಎಲ್ಲರೂ ಕೂತದ್ದು ಗೊತ್ತಾಗದೆ ಒಬ್ಬಳೇ ನಿಂತಿದ್ದಳು. ಅವನು ಸೆರಗು ಜಗ್ಗಿದಾಗ ಕೂತಳು. ಆ ದಿನದ ಆರಾಧನೆಯಲ್ಲಿ ಅವಳು ಮಾಡಿದ ಪ್ರಾರ್ಥನೆ ಒಂದೇ: ಇದು ಸುಳ್ಳಾಗಲಿ.

ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯ ಮುಚ್ಚಳವನ್ನು ಎತ್ತಿ ನೆಲಕ್ಕೆ ಬಿಟ್ಟಳು. ಠಣ್ಣೆಂದು ಸದ್ದು ಕೇಳಿಸಿತು. ಮತ್ತೊಮ್ಮೆ ಬಿಟ್ಟಳು. ಮತ್ತೂ ಕೇಳಿಸಿತು. ಗಂಡ ಗಾಬರಿಯಿಂದ ಓಡಿಬಂದ.

"ಏನಾಯ್ತೇ?"

"ನೀವು ಇವತ್ತು ಹಾಡಲಿಲ್ಲ." ಅದು ಪ್ರಶ್ನೆಯಾಗಿರಲಿಲ್ಲ.

ಅವನು ಮುಖ ತಗ್ಗಿಸಿದ. ಅವಳು ಗದ್ದ ಹಿಡಿದೆತ್ತಿದಳು. ತಗ್ಗಿಸಿದ ಮುಖದ ಮಾತು ಅವಳಿಗೆ ಮಾತಲ್ಲ.

"ಟೀಚರ್ ಹೇಳಿದ್ರು. ಹಾಡೋ ಹುಡುಗರಿಗೆ ತೊಂದರೆ ಆಗುತ್ತಂತೆ. ರಾಗ ತಪ್ಪಿಸ್ತೀನಂತೆ."

"ನೀವಾ? ಇಷ್ಟು ಚೆನ್ನಾಗಿ ಹಾಡೋರು?"

"ಇಲ್ಲ ಕಣೇ. ನಾನು ಕೆಟ್ಟದಾಗಿ ಹಾಡ್ತೀನಿ."

ಅವಳು ಅವನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

"ಹುಟ್ಟಿನಿಂದಲೂ ನನಗೆ ರಾಗ ಅನ್ನೋದು ಗೊತ್ತಾಗೋದಿಲ್ಲ. ಮದುವೆಗೆ ಮುಂಚೆ ನಾನು ಚರ್ಚಲ್ಲಿ ಬಾಯೇ ಬಿಡ್ತಿರಲಿಲ್ಲ. ನಿನಗೆ ಕೇಳಿಸೋದು ಕಮ್ಮಿ ಆಯ್ತಲ್ಲ, ಆಮೇಲೆ ಶುರು ಮಾಡಿದ್ದು. ಪದ ಗೊತ್ತಾದ್ರೆ ಸಾಕಲ್ಲ ನಿನಗೆ ಅಂತ."

"ಮತ್ತೆ ಜನ ತಿರುಗಿ ನಗ್ತಿದ್ರಲ್ಲ?"

"ನಗದೆ ಇನ್ನೇನು ಮಾಡ್ತಾರೆ?" ಅವನೇ ನಕ್ಕುಬಿಟ್ಟ. "ನನಗೇನೂ ಅನ್ನಿಸ್ತಿರಲಿಲ್ಲ. ಬಸ್ಸಿನಲ್ಲಿ ಎಷ್ಟು ಜನರ ಹತ್ರ ಬೈಸಿಕೊಂಡವನು ನಾನು."

ಅವಳು ಕೆಳಗೆ ಬಿದ್ದಿದ್ದ ಮುಚ್ಚಳವನ್ನು ಎತ್ತಿಕೊಂಡು, ಒರೆಸಿ, ಪಾತ್ರೆಯ ಮೇಲಿಟ್ಟಳು. ಇಷ್ಟು ವರ್ಷ ಈ ಮನುಷ್ಯ ಇಡೀ ಸಭೆಯ ಎದುರು ನಗೆಪಾಟಲಾಗಿ ನಿಂತಿದ್ದ. ಅವಳು ಪಕ್ಕದಲ್ಲೇ ನಿಂತು ಹೆಮ್ಮೆಪಡುತ್ತಿದ್ದಳು.

"ಟೀಚರಿಗೆ ನಿಜ ಹೇಳಿಬಿಡ್ಲಾ?" ಎಂದು ಅವನು ಕೇಳಿದ. "ನೀನು ಹೂಂ ಅಂದ್ರೆ ಮಾತ್ರ."

ಹೂಂ ಅನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ಆದರೆ ಬಾಯಿಂದ ಬಂದದ್ದು, "ಬೇಡ."

ಅಂದಿನಿಂದ ಅವನು ಗೀತೆಪುಸ್ತಕದಲ್ಲಿ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಅವಳು ಹಾಡುವುದನ್ನು ಬಿಟ್ಟು ಬೆರಳನ್ನು ನೋಡುತ್ತಿದ್ದಳು. ಹಾಡಿನಲ್ಲಿ ಸೇರಿ ಹೋಗುತ್ತಿದ್ದವಳು ಈಗ ಹಾಡಿನ ಹೊರಗೆ ನಿಂತು ಒಳಗಿನವರನ್ನು ನೋಡಿದಂತಾಯಿತು.

ಆ ದಿನಗಳಲ್ಲೇ ಬೇಕರಿ ಹುಡುಗಿಯ ವಿಷಯ ನಡೆದದ್ದು. ಚರ್ಚಿಗೆ ಬರುತ್ತಿದ್ದವರಲ್ಲಿ ಹೊಸದಾಗಿ ಮದುವೆಯಾಗಿ ಬಂದವಳು ಅವಳು. ದೊಡ್ಡ ರಸ್ತೆಯ ಬೇಕರಿಯಲ್ಲಿ ಕೌಂಟರಿನ ಹಿಂದೆ ನಿಂತು ಬ್ರೆಡ್ಡು ಕಟ್ಟಿಕೊಡುವ ಕೆಲಸ. ಈ ಊರಿನಲ್ಲಿ ತಾಯಿಯ ಕಡೆಯವರು ಯಾರೂ ಇಲ್ಲದ ಹುಡುಗಿ ಮಿಲ್ಲಕ್ಕನಿಗೆ ಅಂಟಿಕೊಂಡಿದ್ದಳು. ಸ್ವಲ್ಪ ದಿನದ ಹಿಂದೆ ಅದೇ ಗೋಡೆಯ ಹತ್ತಿರ ಬಂದು, ಅತ್ತು ನಕ್ಕು, ತಾನು ಬಸುರಿಯೆಂದು ಮೊದಲು ಇವಳಿಗೇ ಹೇಳಿದ್ದಳು. "ಮನೇಲಿ ಇನ್ನೂ ಹೇಳಿಲ್ಲ ಅಕ್ಕ, ಮೊದಲು ನಿಮಗೆ" ಅಂದಿದ್ದಳು.

ಆ ಭಾನುವಾರವೂ ಹುಡುಗಿ ಗೋಡೆಯ ಹತ್ತಿರ ಬಂದಳು. ಕಣ್ಣು ತುಂಬಿತ್ತು. ಬಾಯಿಗೆ ಕರ್ಚೀಫು ಒತ್ತಿಕೊಂಡು, ಅದರ ಹಿಂದಿನಿಂದಲೇ ಏನೋ ಹೇಳಿದಳು. ಮಿಲ್ಲಕ್ಕನಿಗೆ ಕಂಡದ್ದು ಕರ್ಚೀಫು ಮತ್ತು ಕಣ್ಣೀರು. ಆವತ್ತಿನ ಕಣ್ಣೀರೂ ಹೀಗೇ ಇತ್ತಲ್ಲ. ಮನೆಯವರಿಗೂ ಹೇಳಿದ್ದಾಳೆ, ಎಲ್ಲರೂ ಖುಷಿಪಟ್ಟಿದ್ದಾರೆ ಎಂದು ಅವಳು ತಾನೇ ತಾನಾಗಿ ಅರ್ಥ ಮಾಡಿಕೊಂಡಳು. ಕರ್ಚೀಫು ತೆಗಿ ಅನ್ನುವ ಧೈರ್ಯ ಬರಲಿಲ್ಲ. ಹಾಗಂದರೆ ಗುಟ್ಟು ಬಯಲಾದೀತು. ಹುಡುಗಿಯ ಕೆನ್ನೆ ಸವರಿ, ಮುಖವರಳಿಸಿ, "ಎಷ್ಟು ಸಂತೋಷ ಮಗಳೇ. ಎಲ್ಲ ಒಳ್ಳೇದಕ್ಕೇ. ದೇವರಿಗೆ ಸ್ತೋತ್ರ ಹೇಳು" ಅಂದಳು.

ಹುಡುಗಿಯ ಕರ್ಚೀಫು ಕೆಳಗಿಳಿಯಿತು. ಬಾಯಿ ತೆರೆದೇ ಇತ್ತು. ಒಂದು ಹೆಜ್ಜೆ ಹಿಂದೆ ಸರಿದು, ತಿರುಗಿ, ಗೇಟು ದಾಟಿ ಹೊರಟುಹೋದಳು. ಮಿಲ್ಲಕ್ಕ ಅಲ್ಲೇ ನಿಂತಳು. ಏನೋ ತಪ್ಪಿದೆ ಎಂದು ಗೊತ್ತಾಯಿತು. ಏನೆಂದು ಮಾತ್ರ ಗೊತ್ತಾಗಲಿಲ್ಲ.

ಗೊತ್ತಾದದ್ದು ಸ್ತ್ರೀ ಸಮಾಜದ ಕೂಟದಲ್ಲಿ. ಹೆಂಗಸರು ಗೋಡೆಯ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಚೆ ಮೂಲೆಯಲ್ಲಿ ಇಬ್ಬರು ತಲೆಗೆ ತಲೆ ಸೇರಿಸಿ ಪಿಸುಗುಡುತ್ತಿದ್ದರು. ಪಕ್ಕದ ಕುರ್ಚಿಯವರಿಗೂ ಕೇಳಿಸದ ಆ ಪಿಸುಮಾತು ಈ ಮೂಲೆಯಲ್ಲಿದ್ದ ಮಿಲ್ಲಕ್ಕನಿಗೆ ಚೆನ್ನಾಗಿ ಕಾಣಿಸಿತು.

"ಪಾಪ, ಬೇಕರಿ ಹುಡುಗಿಗೆ ಹೊಟ್ಟೇಲಿದ್ದದ್ದು ನಿಲ್ಲಲಿಲ್ಲವಂತೆ."

"ಅದನ್ನ ಹೇಳಿದ್ರೆ ಮಿಲ್ಲಕ್ಕ ಸಂತೋಷ ಅಂದ್ರಂತೆ. ನಗ್ತಾ ಅಂದ್ರಂತೆ."

"ಅವರಿಗೆ ಮಕ್ಕಳಿಲ್ಲವಲ್ಲ. ಯಾರ ಹೊಟ್ಟೆಯಲ್ಲಿ ಏನಿರುತ್ತೋ."

ಮಿಲ್ಲಕ್ಕ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೆ ಅವಳಿಗೆ ಜಗತ್ತಿನ ಬಾಯಿ ಮುಚ್ಚಿದ ಹಾಗೆ. ಆದರೆ ಆ ದಿನ ಮುಚ್ಚಿದ ಕಣ್ಣಿನೊಳಗೂ ಹುಡುಗಿಯ ತೆರೆದ ಬಾಯಿ ಕಾಣುತ್ತಿತ್ತು. ಕೂಟ ಮುಗಿಯುವವರೆಗೆ ಹೇಗೋ ಕೂತಿದ್ದು, ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು.

"ಬಾ, ನಾನೂ ಬರ್ತೀನಿ. ನಾನು ವಿವರಿಸಿ ಹೇಳ್ತೀನಿ" ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

"ಬೇಡ. ಇಷ್ಟು ದಿನ ನನ್ನ ಪರವಾಗಿ ನೀವು ಕೂಗಿದ್ದು ಸಾಕು."

ಹುಡುಗಿಯ ಮನೆ ಬೇಕರಿಯ ಹಿಂದಿನ ಓಣಿಯಲ್ಲಿತ್ತು. ಒಂದೇ ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆ ಜಾಗ. ಕಿಟಕಿಯ ಸರಳಿಗೆ ಒಗೆದ ಏಪ್ರನ್ ನೇತಾಡುತ್ತಿತ್ತು. ಗಂಡ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದ ಹುಡುಗಿ ಇವಳನ್ನು ಕಂಡು ಬಾಗಿಲನ್ನು ಹಾಗೇ ಬಿಟ್ಟಳು. ತಿರುಗಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳ ಭುಜ ಅಲ್ಲಾಡಿದ್ದರಿಂದ ಏನೋ ಹೇಳುತ್ತಿದ್ದಾಳೆಂದು ಮಿಲ್ಲಕ್ಕನಿಗೆ ತಿಳಿಯಿತು.

"ಈ ಕಡೆ ತಿರುಗು ಮಗಳೇ. ನನಗೆ ಕಿವಿ ಕೇಳಿಸೋದಿಲ್ಲ."

ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಅವಳು ಹೊರಗಿನವರ ಎದುರು ಆಡಿದ್ದಳು. ಆಡಿದ ಮೇಲೆ, ಕೇಳದೆಯೇ ಮಂಚದ ಅಂಚಿಗೆ ಕೂತಳು.

ಹುಡುಗಿ ತಿರುಗಿದಳು. "ಸುಳ್ಳು ಹೇಳಬೇಡಿ ಅಕ್ಕ. ನಾನು ಹೇಳಿದ್ದೆಲ್ಲ ನಿಮಗೆ ನೆನಪಿರುತ್ತೆ. ನಮ್ಮಮ್ಮನ ಊರಿನ ಹೆಸರೂ ನೆನಪಿದೆ."

"ನೋಡಿದ್ದು ನೆನಪಿದೆ. ನಾನು ಮಾತನ್ನ ನೋಡ್ತೀನಿ, ಕೇಳೋದಿಲ್ಲ. ಮಿಲ್ಲಿನಲ್ಲಿ ಕಲಿತದ್ದು. ನೀನು ಆವತ್ತು ಬಾಯಿಗೆ ಕರ್ಚೀಫು ಹಿಡಿದಿದ್ದೆ."

ಹುಡುಗಿ ನಂಬಲಿಲ್ಲ. ಮತ್ತೆ ಗೋಡೆಗೆ ಮುಖ ಮಾಡಿ ನಿಂತಳು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಈ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

"ಈಗ ನಾನೇನಂದೆ, ಹೇಳಿ."

"ಗೊತ್ತಿಲ್ಲ."

"ನಿಮ್ಮನ್ನ ಬೈದೆ."

"ಸರಿ. ಇನ್ನೊಂದ್ಸಲ ಬೈ. ಮುಖ ಈ ಕಡೆ ಇಟ್ಕೊಂಡು."

ಹುಡುಗಿ ಬೈಯಲು ಶುರುಮಾಡಿದಳು. ನಿಮ್ಮನ್ನ ತಾಯಿ ಅಂದ್ಕೊಂಡಿದ್ದೆ ಅಂದಳು. ನಿಮ್ಮ ನಗು ನೋಡಿ ಆ ರಸ್ತೆಯಲ್ಲೇ ಸತ್ತುಹೋಗಬೇಕು ಅನ್ನಿಸಿತು ಅಂದಳು. ಮಿಲ್ಲಕ್ಕ ಕಣ್ಣು ತಪ್ಪಿಸಲಿಲ್ಲ. ಬೈಗುಳ ಮುಗಿಯುವ ಮೊದಲೇ ಅಳು ಬಂತು. ಹುಡುಗಿ ಅಭ್ಯಾಸದಂತೆ ಕೈಯನ್ನು ಬಾಯಿಗೆ ತಂದವಳು, ನೆನಪಾಗಿ, ಕೈಯನ್ನು ಕೆಳಗಿಳಿಸಿದಳು. ಮಂಚದ ಮೇಲೆ ಎದುರಾಗಿ ಕೂತು, ಆ ದಿನ ಬೇಕರಿಯಲ್ಲಿ ಹೊಟ್ಟೆ ಹಿಡಿದದ್ದು, ಗಿರಾಕಿಗೆ ಚಿಲ್ಲರೆ ಕೊಡುತ್ತ ಕೊಡುತ್ತಲೇ ಕೆಳಗೆ ಕೂತದ್ದು, ಆಸ್ಪತ್ರೆಯ ಹಾಸಿಗೆ, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಬಿಚ್ಚಿದ ಮುಖದಲ್ಲಿ ಅಳುವುದು ಕಷ್ಟ. ಆದರೂ ಹುಡುಗಿ ಹಾಗೆಯೇ ಅತ್ತಳು. ಮಿಲ್ಲಕ್ಕ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಎಲ್ಲ ಒಳ್ಳೆಯದಕ್ಕೇ ಎಂಬ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ, ಆ ದಿನವೂ ಇಲ್ಲ, ಮುಂದೆ ಎಂದೂ ಇಲ್ಲ.

ಆ ಸಭೆಯಲ್ಲಿ ಪ್ರಸಂಗಕ್ಕೆ ಮೊದಲು ಸಾಕ್ಷಿ ಹೇಳುವ ರೂಢಿಯಿತ್ತು. ಯಾರು ಬೇಕಾದರೂ ಎದ್ದು ಮುಂದೆ ಬಂದು, ಆ ವಾರ ದೇವರು ತಮಗೆ ಮಾಡಿದ ಉಪಕಾರವನ್ನು ಹೇಳಬಹುದು. ಸಾಮಾನ್ಯವಾಗಿ ಜ್ವರ ಬಿಟ್ಟದ್ದು, ಪರೀಕ್ಷೆ ಪಾಸಾದದ್ದು, ಕಳೆದ ಬೀಗದ ಕೈ ಸಿಕ್ಕದ್ದು. ಮುಂದಿನ ಭಾನುವಾರ ಮಿಲ್ಲಕ್ಕ ಎದ್ದಳು. ಕಂಡಕ್ಟರಣ್ಣನ ಕೈಯಲ್ಲಿದ್ದ ಗೀತೆಪುಸ್ತಕ ಜಾರಿ ಬಿತ್ತು.

ಅವಳು ಮೈಕು ಮುಟ್ಟಲಿಲ್ಲ. ತನ್ನ ದನಿ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದು ಅವಳಿಗೆ ತಿಳಿಯುವಂತಿರಲಿಲ್ಲ.

"ನನಗೆ ಕಿವಿ ಕೇಳಿಸೋದಿಲ್ಲ" ಅಂದಳು. "ಬಹಳ ವರ್ಷದಿಂದ. ನಮ್ಮಮ್ಮನಿಗೂ ಕೇಳಿಸ್ತಿರಲಿಲ್ಲ, ಜನ ಅವಳನ್ನ ನೋಡಿ ನಗ್ತಿದ್ರು. ನನಗೆ ಹಾಗಾಗಬಾರದು ಅಂತ ಮುಚ್ಚಿಟ್ಟೆ. ಮುಚ್ಚಿಟ್ಟು ಒಂದು ಹೆಣ್ಣುಮಗಳ ಮನಸ್ಸು ನೋಯಿಸಿದೆ. ಅವಳ ಹತ್ರ ಹೋಗಿ ಹೇಳಿದ್ದೀನಿ. ಈಗ ನಿಮಗೆ ಹೇಳ್ತಿದ್ದೀನಿ." ಸ್ವಲ್ಪ ತಡೆದಳು. "ಇನ್ನೊಂದು ಮಾತು. ನನ್ನ ಯಜಮಾನರು ಕೆಟ್ಟದಾಗಿ ಹಾಡ್ತಾರಂತೆ. ನನಗೆ ಮೊನ್ನೆವರೆಗೂ ಗೊತ್ತಿರಲಿಲ್ಲ. ಈ ಚರ್ಚಿನಲ್ಲಿ ನನಗೆ ಕೇಳಿಸ್ತಿದ್ದ ಹಾಡು ಅದೊಂದೇ. ನಿಮಗೆ ತೊಂದರೆ ಆಗಿದ್ರೆ, ನಗು ಬಂದಿದ್ರೆ, ಅದು ನನ್ನಿಂದ. ಅವರಿಂದಲ್ಲ."

ಅವಳು ಮುಖಗಳನ್ನು ನೋಡಿದಳು. ಯಾರ ತುಟಿಯೂ ಆಡುತ್ತಿರಲಿಲ್ಲ. ಟೀಚರ್ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ನಡುವಿನ ಬೆಂಚಿನಿಂದ, ಸೊಸೆಯ ಮೇಲೆ ಮುನಿಸಿಕೊಳ್ಳುತ್ತಿದ್ದ ಅದೇ ಅತ್ತೆ ಎದ್ದು ನಿಂತು ಕೇಳಿದಳು, "ಹಾಗಾದ್ರೆ ಮಿಲ್ಲಕ್ಕ, ನಾನು ಇಷ್ಟು ವರ್ಷ ಹೇಳಿಕೊಂಡದ್ದೆಲ್ಲ?"

"ಎಲ್ಲಾ ನೋಡಿದ್ದೀನಿ. ಒಂದೂ ಬಿಟ್ಟಿಲ್ಲ."

ಸೊಸೆ ನಕ್ಕಳು. ಅವಳ ಹಿಂದೆ ಸಭೆಯೆಲ್ಲ ನಕ್ಕಿತು. ಈ ಸಲ ಆ ನಗುವಿನಲ್ಲಿ ಅವಳೂ ಸೇರಿಕೊಂಡಳು. ಏತಕ್ಕೆ ನಗುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

ಮುಂದೆ ಎಲ್ಲವೂ ಸಲೀಸಾಯಿತು ಅನ್ನುವಂತಿಲ್ಲ. ಕೆಲವರಿಗೆ ಮನೆಗೆ ಹೋದ ಮೇಲೆ ಇನ್ನೊಂದು ಯೋಚನೆ ಹೊಳೆಯಿತು: ಅಂದರೆ, ಮೂಲೆಯಲ್ಲಿ ಕೂತು ಪಿಸುಗುಟ್ಟಿದ್ದೆಲ್ಲ ಇವಳಿಗೆ ಕಾಣುತ್ತಿತ್ತೇ? ಮುಂದಿನ ಸ್ತ್ರೀ ಸಮಾಜದ ಕೂಟದಲ್ಲಿ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡತೊಡಗಿದರು. ಆವತ್ತು ಮೂಲೆಯಲ್ಲಿದ್ದ ಇಬ್ಬರಲ್ಲಿ ಒಬ್ಬಳು ಬಂದು ಕ್ಷಮೆ ಕೇಳಿದಳು, ಇನ್ನೊಬ್ಬಳು ಇವಳ ಎದುರಿಗೇ ಬರುವುದನ್ನು ಬಿಟ್ಟಳು.

ಪಾಸ್ಟರು ಗಡ್ಡ ತೆಗೆಯಲಿಲ್ಲ, ಆದರೆ ಮೀಸೆಗೆ ಕತ್ತರಿ ಹಾಕಿಸಿಕೊಂಡು ಬಂದರು. ಓಡಾಡುವುದನ್ನು ಕಷ್ಟಪಟ್ಟು ಬಿಟ್ಟರು. ಒಂದು ಭಾನುವಾರ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಕ್ಕೆ ಅವಳು ಮೊಣಕಾಲೂರಿದಾಗ, ಅವಳಿಗೆ ತಿಳಿಯಲೆಂದು ಬಗ್ಗಿ, ಒಂದೊಂದು ಅಕ್ಷರಕ್ಕೂ ಬಾಯನ್ನು ಗುಹೆಯಂತೆ ತೆರೆದು ಭೋಜನದ ಮಾತು ಹೇಳಿದರು. ಅವಳು ರೊಟ್ಟಿಗೆ ಕೈಯೊಡ್ಡಿಕೊಂಡೇ ಮೆಲ್ಲಗೆ ಅಂದಳು, "ಅಷ್ಟು ಬಾಯಿ ಬಿಡಬೇಡಿ ಅಯ್ಯನವರೇ. ಮಾಮೂಲಾಗಿ ಹೇಳಿದ್ರೆ ಸಾಕು." ಅವಳ ಮೆಲ್ಲಗೆ ಅನ್ನುವುದು ಕೊನೆಯ ಬೆಂಚಿನವರೆಗೂ ಕೇಳಿಸಿತ್ತು.

ಟೀಚರ್ ಮನೆಗೇ ಬಂದು ಕಂಡಕ್ಟರಣ್ಣನ ಕೈ ಹಿಡಿದುಕೊಂಡರು. "ಹಾಡಿ ಅಣ್ಣ, ಎಷ್ಟು ಜೋರಾಗಿ ಬೇಕಾದ್ರೂ ಹಾಡಿ. ಕಾಯಿರ್ ಹಾಡೋ ಆ ಒಂದು ಹಾಡು ಮಾತ್ರ ಬಿಟ್ಟುಕೊಡಿ." ವಾರ್ಷಿಕೋತ್ಸವದ ದಿನ ಆ ಒಂದು ಹಾಡಿಗೆ ಟೀಚರ್ ಹುಡುಗರ ಕಡೆ ಮುಖ ಮಾಡಿ ನಿಲ್ಲದೆ ಪಕ್ಕಕ್ಕೆ ನಿಂತು, ಕೈಯಾಡಿಸುತ್ತಲೇ ಪದಗಳನ್ನು ಮಿಲ್ಲಕ್ಕನಿಗೆ ತುಟಿಯಲ್ಲಿ ತೋರಿಸಿದರು. ಉಳಿದ ಗೀತೆಗಳನ್ನೆಲ್ಲ ಕಂಡಕ್ಟರಣ್ಣ ಹಾಡಿದ. ಬಂದಿದ್ದ ದೊಡ್ಡ ಪಾಸ್ಟರು ಮೊದಲ ಸಾಲಿಗೇ ಬೆಚ್ಚಿ ತಿರುಗಿದರು. ಸಭೆಯಲ್ಲಿ ಮಾತ್ರ ಒಬ್ಬರೂ ತಿರುಗಲಿಲ್ಲ.

ಬೇಕರಿ ಹುಡುಗಿ ಈಗ ಚರ್ಚಿನಲ್ಲಿ ಮಿಲ್ಲಕ್ಕನ ಇನ್ನೊಂದು ಪಕ್ಕಕ್ಕೆ ಕೂರುತ್ತಾಳೆ. ಪ್ರಸಂಗದಲ್ಲಿ ತಪ್ಪಿಹೋದ ಮಾತನ್ನು ದನಿಯಿಲ್ಲದೆ ತುಟಿಯಲ್ಲಿ ಹೇಳುವುದನ್ನು ಕಲಿತಿದ್ದಾಳೆ. ಕಂಡಕ್ಟರಣ್ಣ ಇದರಿಂದ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾನೆ. ಕೆಲಸ ಮುಗಿಸಿದ ಮೇಲೆ ವಾರದಲ್ಲಿ ಒಂದೆರಡು ಸಂಜೆ ಅವಳು ಇವರ ಮನೆಗೆ ಬರುತ್ತಾಳೆ. ಬೇಕರಿಯ ಸಂಗತಿ, ಗಂಡನ ಸಂಗತಿ, ಒಮ್ಮೊಮ್ಮೆ ಆ ಮಗುವಿನ ಸಂಗತಿ. ಹುಟ್ಟಿದ್ದರೆ ಇಷ್ಟು ಹೊತ್ತಿಗೆ ತೆವಳುತ್ತಿತ್ತು ಎಂದು ಅವಳು ಹೇಳುತ್ತಾಳೆ, ಹೌದು ಎಂದು ಇವಳು ಹೇಳುತ್ತಾಳೆ.

ಮಾತಾಡುತ್ತ ಆಡುತ್ತ ಹೊರಗೆ ಬೆಳಕು ಕಡಿಮೆಯಾಗುತ್ತದೆ. ಕೋಣೆ ಮಬ್ಬಾಗಿ ಮುಖ ಮಸುಕಾಗತೊಡಗಿದಾಗ ಮಿಲ್ಲಕ್ಕ ಸ್ವಲ್ಪ ಮುಂದೆ ಬಾಗುತ್ತಾಳೆ. ಹುಡುಗಿ ಮಾತನ್ನು ಅಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ದೀಪದ ಸ್ವಿಚ್ಚು ಹಾಕಿ, ಮತ್ತೆ ಬಂದು ಎದುರಿಗೆ ಕೂತು, ಬಿಟ್ಟ ಕಡೆಯಿಂದ ಮುಂದುವರಿಸುತ್ತಾಳೆ.